ಟ್ಯಾಬು ಮಗನ ಹೆಸರು ಹೇಳಿತು

ಮದ್ದೂರು ತಾಲೂಕಿನ ಒಂದು ಊರು. ಬೆಳಗ್ಗೆ ಹತ್ತೂವರೆ ಗಂಟೆ. ಜಗಲಿ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿ, ನನ್ನ ಕೈಲಿದ್ದ ಬಿಪಿ ಮಿಷನ್ ಕಂಡಿದ್ದೇ ಸೆರಗು ಸರಿಸಿ ತೋಳು ಚಾಚಿದರು.

"ಬಾರವ್ವ, ಕಟ್ಟು. ಎಂಟು ವರ್ಸದಿಂದ ಅದೆ ನಂಗೆ ಬಿಪಿ."

ನಾನು ಕಟ್ಟಲಿಲ್ಲ. ಮನೆಯಲ್ಲಿ ಯಾರ್ಯಾರು ಇದ್ದೀರಿ ಅಜ್ಜಿ, ಎಲ್ಲರ ಹೆಸರು, ವಯಸ್ಸು ಹೇಳಿ ಅಂದೆ. ನಮ್ಮ ಸರ್ವೆಗೆ 18ರಿಂದ 69 ವರ್ಷದವರು ಮಾತ್ರ ಬೇಕು. ಅಜ್ಜಿ ಒಳಗಿಂದ ಆಧಾರ್ ಕಾರ್ಡ್ ತರಿಸಿದರು. ಹುಟ್ಟಿದ ದಿನ ಜನವರಿ 1. (ಆಧಾರ್ ನಂಬಿದರೆ ನಮ್ಮ ಕಡೆ ಅರ್ಧ ಊರು ಜನವರಿ ಒಂದನೇ ತಾರೀಖೇ ಹುಟ್ಟಿದೆ.) ವರ್ಷ ಸರಿಯಾ ಅಂತ ಕೇಳಿದ್ದಕ್ಕೆ, "ಗಾಂಧಿ ಸತ್ತಾಗ ನಾನು ಕೈಕೂಸಂತೆ, ನಮ್ಮವ್ವ ಹೇಳೋಳು" ಅಂದರು. ಹೇಗೆ ಲೆಕ್ಕ ಹಾಕಿದರೂ 69 ದಾಟಿತ್ತು. ಉಳಿದದ್ದು ಮೂರು ಹೆಸರು. ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಮೂರನ್ನೂ ತುಂಬಿ ಬಟನ್ ಒತ್ತಿದೆ. ಟ್ಯಾಬು ಮಗನ ಹೆಸರು ಹೇಳಿತು.

ಮಗ ಮನೆಯಲ್ಲಿ ಇರಲಿಲ್ಲ. ಟ್ರ್ಯಾಕ್ಟರ್‌ನಲ್ಲಿ ಕಬ್ಬು ತುಂಬಿಕೊಂಡು ಕಾರ್ಖಾನೆಗೆ ಹೋಗಿದ್ದ.

"ಕಾಯ್ಲೆ ಇರೋಳು ಇಲ್ಲಿ ಕುಂತಿವ್ನಿ. ಗುಂಡುಕಲ್ಲಂಗೆ ಇರೋನ್ನ ಹುಡುಕ್ಕೊಂಡು ಓಯ್ತೀರಾ? ಏನ್ ಸರ್ವೆನವ್ವ ಇದು?"

ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಅದು ನಮ್ಮ ಎರಡನೇ ವಾರ.

2022ರಲ್ಲಿ, ಕೋವಿಡ್ ಗಲಾಟೆ ತಣ್ಣಗಾದ ಮೇಲೆ, ನಾನು ನಾಲ್ಕು ತಿಂಗಳು ಈ ಕೆಲಸ ಮಾಡಿದೆ. ಬಿಎಸ್ಸಿ ಮುಗಿಸಿ ಮೈಸೂರಿನಲ್ಲಿ ಸುಮ್ನೆ ಕೂತಿದ್ದೆ. ಗೆಳತಿಯೊಬ್ಬಳು ಹೇಳಿದಳು, ಸರ್ವೆಗೆ ಹುಡುಗೀರು ಬೇಕಂತೆ, ದಿನಕ್ಕಿಷ್ಟು ಅಂತ ಕೊಡ್ತಾರೆ, ಮಂಡ್ಯದಲ್ಲಿ ರೂಮೂ ಕೊಡ್ತಾರೆ ಅಂತ. ಸಕ್ಕರೆ ಕಾಯಿಲೆ, ಬಿಪಿ, ಅದಕ್ಕೆ ಕಾರಣ ಆಗುವ ಅಭ್ಯಾಸಗಳು, ಇವನ್ನು ಮನೆ ಮನೆಗೆ ಹೋಗಿ ಲೆಕ್ಕ ಹಾಕುವ ಸರ್ವೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಅಂತಲೇ 'ಸ್ಟೆಪ್ಸ್' ಎಂಬ ಒಂದು ಕ್ರಮ ಮಾಡಿಟ್ಟಿದೆ. ಮೊದಲ ಮೆಟ್ಟಿಲು ಪ್ರಶ್ನೆ. ಎರಡನೆಯದು ಅಳತೆ: ಎತ್ತರ, ತೂಕ, ಸೊಂಟ, ಬಿಪಿ. ಮೂರನೆಯದು ರಕ್ತ. ನಮ್ಮದೂ ಹೆಚ್ಚುಕಡಿಮೆ ಅದೇ ದಾರಿ. ಐದು ದಿನ ತರಬೇತಿ ಆಯಿತು. ಅದರಲ್ಲಿ ಒಂದಿಡೀ ದಿನ ಒಬ್ಬರ ಸೊಂಟವನ್ನು ಇನ್ನೊಬ್ಬರು ಅಳೆಯುವುದೇ ಆಯಿತು. ಮೊದಲ ಅರ್ಧ ಗಂಟೆ ನಗು, ಆಮೇಲೆ ಬೇಜಾರು.

ತಂಡದಲ್ಲಿ ನಾಲ್ಕು ಜನ. ನಾನು, ಇನ್ನೊಬ್ಬಳು ಹುಡುಗಿ, ಗಂಡಸರ ಅಳತೆಗೆ ಒಬ್ಬ ಹುಡುಗ, ರಕ್ತ ತೆಗೆಯಲು ಲ್ಯಾಬ್ ಟೆಕ್ನಿಶಿಯನ್ ಅಣ್ಣ. ಮೇಲೊಬ್ಬರು ಸೂಪರ್‌ವೈಸರ್ ಮೇಡಂ. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಒಂದೇ: "ಬದಲಿ ಇಲ್ಲ." ಆಯ್ಕೆಯಾದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗುವ ಹಾಗಿಲ್ಲ. ಆಯ್ಕೆಯಾದ ಮನುಷ್ಯ ಸಿಗದಿದ್ದರೆ ಅವನ ಹೆಂಡತಿಯನ್ನು ಕೂರಿಸುವ ಹಾಗಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಆಗಲೂ ಸಿಗದಿದ್ದರೆ 'ಸಿಗಲಿಲ್ಲ' ಅಂತ ಬರೆಯಬೇಕು. ಆ 'ಸಿಗಲಿಲ್ಲ' ಕೂಡ ಲೆಕ್ಕವೇ.

ಮನೆಯೊಳಗೆ ಒಬ್ಬರನ್ನೇ ಆರಿಸುವ ಈ ಉಪಾಯ ಹಳೆಯದು. ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞ 1949ರಲ್ಲೇ ಇದಕ್ಕೊಂದು ಕೋಷ್ಟಕ ಮಾಡಿ ಪ್ರಕಟಿಸಿದ್ದ. ಆಗ ಕಾಗದ, ಈಗ ಟ್ಯಾಬು. ಉದ್ದೇಶ ಒಂದೇ. ಯಾರನ್ನು ಕೇಳಬೇಕು ಅನ್ನೋದು ನನ್ನ ಕೈಲೂ ಇರಬಾರದು, ಆ ಮನೆಯವರ ಕೈಲೂ ಇರಬಾರದು.

ತರಬೇತಿಯಲ್ಲಿ ಇದು ತಲೆಗೆ ಹೋಗಿತ್ತು. ಅರ್ಥ ಆಗಿದ್ದು ಮಾತ್ರ ಊರೂರು ತಿರುಗಿದ ಮೇಲೆ. ಮಂಡ್ಯ ಕಡೆಯ ಹಳ್ಳಿಗೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ನೋಡಿ. ಮನೆಯಲ್ಲಿ ಇರೋದು ಅಜ್ಜ, ಅಜ್ಜಿ, ಬಾಣಂತಿ, ನಾಯಿ. ಗಂಡಸರು ಗದ್ದೆ, ಆಲೆಮನೆ, ಬೆಂಗಳೂರು ಬಸ್ಸು. ಹೆಂಗಸರೂ ನಾಟಿ ಕಾಲದಲ್ಲಿ ಸಿಗಲ್ಲ. ಸಿಕ್ಕವರನ್ನೇ ಕೂರಿಸಿ ಅಳೆದುಕೊಂಡು ಬಂದರೆ ನಮ್ಮ ಲೆಕ್ಕದಲ್ಲಿ ಇಡೀ ಜಿಲ್ಲೆ ವಯಸ್ಸಾದವರದ್ದೇ ಆಗುತ್ತದೆ. ಮಾತ್ರೆ ನುಂಗುತ್ತಿರುವವರು ಬಾಗಿಲಿಗೇ ಬಂದು ತೋಳು ಚಾಚುತ್ತಾರೆ. ತನಗೆ ಏನೂ ಇಲ್ಲ ಅಂದುಕೊಂಡವನು ಟ್ರ್ಯಾಕ್ಟರ್ ಹತ್ತಿ ಹೋಗಿರುತ್ತಾನೆ.

ಅದಕ್ಕೂ ಮೊದಲಿನ ಕೆಲಸ ಮನೆ ಪಟ್ಟಿ ಮಾಡೋದು. ನಮ್ಮ ಕೈಲಿದ್ದ ನಕ್ಷೆ 2011ರ ಜನಗಣತಿಯದು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲವಲ್ಲ, ಬೇರೆ ದಾರಿ ಇರಲಿಲ್ಲ. ಮಂಡ್ಯ ನಗರದ ಅಂಚಿನಲ್ಲಿ ಒಂದು ಕಡೆ ನಕ್ಷೆಯ ಪ್ರಕಾರ ಕಬ್ಬಿನ ಗದ್ದೆ ಇರಬೇಕು. ಹೋಗಿ ನೋಡಿದರೆ ನಾಲ್ಕು ಕ್ರಾಸ್ ರಸ್ತೆ, ಮೂರಂತಸ್ತಿನ ಮನೆಗಳು, ಒಂದು ಜಿಮ್ಮು. ಎರಡು ದಿನ ಬಿಸಿಲಲ್ಲಿ ಬಾಗಿಲು ಎಣಿಸಿದೆವು. ಹೊರಗಿಂದ ಒಂದೇ ಮನೆ ಅನ್ನಿಸಿದ್ದರ ಒಳಗೆ ಮೂರು ಒಲೆ ಇರುತ್ತಿತ್ತು. ಒಂದು ಒಲೆಯಲ್ಲಿ ಉಣ್ಣುವವರು ಒಂದು ಮನೆ ಅಂತ ಲೆಕ್ಕ. ಅಣ್ಣತಮ್ಮಂದಿರು ಬೇರೆಯಾದ ಕಥೆಯೆಲ್ಲ ಆ ನೆಪದಲ್ಲಿ ನಮ್ಮ ಕಿವಿಗೆ ಬೀಳುತ್ತಿತ್ತು.

ಮೊದಮೊದಲು ಬಾಗಿಲಲ್ಲೇ ನಿಲ್ಲಿಸೋರು. "ಸೂಜಿ ಚುಚ್ಚೋರಾ?" ಅನ್ನೋದು ಮೊದಲ ಪ್ರಶ್ನೆ. "ರೇಷನ್ ಕಾರ್ಡ್ ಕ್ಯಾನ್ಸಲ್ ಮಾಡೋಕೆ ಬಂದಿದೀರಾ?" ಅನ್ನೋದು ಎರಡನೆಯದು. ಮನೆಯ ಆದಾಯ ಕೇಳುವಷ್ಟರಲ್ಲಿ ಫ್ರಿಜ್ ಮೇಲೆ ಬೆಡ್‌ಶೀಟ್ ಬಿದ್ದಿರುತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಇನ್ನೂ ಭಯ. ಸಹಿ ಹಾಕಿ ಜಮೀನು ಕಳಕೊಂಡವರ ಕಥೆ ಗೊತ್ತಿಲ್ಲದ ಊರಿಲ್ಲ. ಊರಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಜೊತೆಗೆ ಕರಕೊಂಡು ಹೋದ ದಿನ ಮಾತ್ರ ಕೆಲಸ ಸಲೀಸು. ಅವರು ಗೇಟಿನಲ್ಲೇ ನಿಂತು "ಏ, ಹಾಕಮ್ಮಿ ಸೈನು, ನಾನಿಲ್ವಾ?" ಅಂದರೆ ಮುಗೀತು.

ಪ್ರಶ್ನೆಗಳಲ್ಲಿ ನನಗೆ ಅತೀ ಕಷ್ಟ ಅನ್ನಿಸಿದ್ದು ಕೆಲಸದ್ದು. ಉಸಿರು ಜೋರಾಗಿ ಬರುವಂಥ ಕೆಲಸ ವಾರದಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು? ಸ್ವಲ್ಪ ಹಗುರದ ಕೆಲಸ ಎಷ್ಟು? ನಡಿಗೆ ಎಷ್ಟು? ಕೂತಿರೋದು ಎಷ್ಟು? ಗಂಡಸರು ಕೂಡಲೇ ಹೇಳೋರು, "ದಿನಪೂರ್ತಿ." ಪಾಂಡವಪುರ ಕಡೆ ಒಬ್ಬ ಅಕ್ಕ, "ನಾನೇನೂ ಕೆಲಸ ಮಾಡಲ್ಲ ಕಣವ್ವ, ಮನೇಲೇ ಇರ್ತೀನಿ" ಅಂದರು. ನಾನು ಸೊನ್ನೆ ಒತ್ತಲಿಲ್ಲ. ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ಅಂದೆ. ಕೊಟ್ಟಿಗೆ ಬಾಚೋದು, ಎರಡು ಹಸು ಕರೆಯೋದು, ಡೈರಿಗೆ ಹಾಲು ಹೊತ್ತುಹಾಕೋದು, ಹುಲ್ಲಿನ ಹೊರೆ, ನಾಲೆಯಲ್ಲಿ ಬಟ್ಟೆ, ಮಧ್ಯಾಹ್ನ ಗದ್ದೆಗೆ ಬುತ್ತಿ, ಅಲ್ಲೇ ಒಂದಷ್ಟು ಕಳೆ. ಹೇಳ್ತಾ ಹೇಳ್ತಾ ಅವರೇ ಬೆರಳು ಮಡಚತೊಡಗಿದರು. ಕೂಡಿದಾಗ ದಿನಕ್ಕೆ ಆರು ಗಂಟೆ ದಾಟಿತು. ವಾರಕ್ಕೆ 150 ನಿಮಿಷ ಮೈ ಬಗ್ಗಿಸಿದರೆ ಸಾಕು ಅನ್ನುತ್ತದೆ ಆರೋಗ್ಯ ಸಂಸ್ಥೆ. ಈ ಅಕ್ಕನಿಗೆ ಅದು ಅರ್ಧ ದಿನದ ಲೆಕ್ಕ. ಅವರ ಮೊದಲ ಉತ್ತರವನ್ನೇ ಬರೆದಿದ್ದರೆ ಪುಸ್ತಕದಲ್ಲಿ ಅವರು ಸೋಮಾರಿ.

ಅವತ್ತೇ ಸಂಜೆ ನಗರದ ಒಂದು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೆಲಸ ಮಾಡುವ ಹುಡುಗ ಸಿಕ್ಕಿದ. ತನ್ನ ಕೆಲಸ ಬಹಳ ಶ್ರಮದ್ದು ಅಂತ ಪಟ್ಟು ಹಿಡಿದ. ಉಸಿರು ಜೋರಾಗಿ ಬರುತ್ತಾ ಅಂತ ಕೇಳಿದೆ. "ಮ್ಯಾನೇಜರ್ ಫೋನ್ ಮಾಡಿದಾಗ" ಅಂದ.

ಹೆಂಡದ ಪ್ರಶ್ನೆಯನ್ನು ಎಲ್ಲರಿಗೂ ಕೇಳಲೇಬೇಕು, ಅರವತ್ತೈದರ ಮುತ್ತೈದೆಗೂ. ಮೊದಲ ಸಲ ಕೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಅವರು ಬಿದ್ದುಬಿದ್ದು ನಕ್ಕು ಸೊಸೆಯನ್ನು ಕರೆದು "ಈ ಮಗ ಏನು ಕೇಳ್ತದೆ ನೋಡು" ಅಂದರು. ಗಂಡಸರಿಗೆ ಚಿತ್ರದ ಕಾರ್ಡು ತೋರಿಸುತ್ತಿದ್ದೆವು, ಎಷ್ಟು ಕುಡಿದರೆ ಒಂದು ಅಳತೆ ಅಂತ. ಒಂದು ಅಳತೆಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಇಲ್ಲಿಯವರ ಲೆಕ್ಕ ನೈಂಟಿ, ಕ್ವಾರ್ಟರ್. ಒಂದು ಅಳತೆ ಅಂದರೆ ಹೆಚ್ಚುಕಡಿಮೆ 30 ಎಂಎಲ್ ವಿಸ್ಕಿ, ಅಂದಮೇಲೆ ನೈಂಟಿ ಮೂರು, 180ರ ಕ್ವಾರ್ಟರ್ ಆರು. ಒಂದೇ ಕೂರಿಕೆಗೆ ಆರು ಅಥವಾ ಅದಕ್ಕಿಂತ ಹೆಚ್ಚಾದರೆ ಸರ್ವೆಯ ಭಾಷೆಯಲ್ಲಿ ಅದು ಮಿತಿಮೀರಿದ ಕುಡಿತ. "ದಿನಾ ಒಂದೇ ಕ್ವಾರ್ಟರ್ ಮೇಡಂ, ಜಾಸ್ತಿ ಇಲ್ಲ" ಅಂದವರು ಎಷ್ಟು ಜನ!

ಹೊಗೆಸೊಪ್ಪಿನ ವಿಷಯದಲ್ಲಿ ಬುದ್ಧಿ ಬಂದಿದ್ದು ತಡವಾಗಿ. "ತಂಬಾಕು ಉಪಯೋಗಿಸ್ತೀರಾ?" ಅಂದರೆ ಹೆಂಗಸರೆಲ್ಲ "ಅಯ್ಯೋ, ಇಲ್ಲ." "ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕ್ತೀರಾ?" ಅಂದರೆ "ಹೂಂ, ಅದಿಲ್ದೆ ಹೆಂಗವ್ವ?" ಕಡ್ಡಿಪುಡಿಯೂ ತಂಬಾಕೇ ಅಂತ ಅವರ ಲೆಕ್ಕದಲ್ಲಿ ಇಲ್ಲ.

ತರಕಾರಿಯಲ್ಲೂ ಇಂಥದ್ದೇ. 80 ಗ್ರಾಂ ಒಂದು ಪಾಲು, ದಿನಕ್ಕೆ ಐದು ಪಾಲು ಹಣ್ಣು ತರಕಾರಿ ಬೇಕು. ಬಸ್ಸಾರಿಗೆ ಬಸಿದ ಸೊಪ್ಪು, ಕಾಳು, ಪಲ್ಯ, ಎಲ್ಲ ಒಂದೇ ತಟ್ಟೆಯಲ್ಲಿ ಕಲಸಿಹೋಗಿರುತ್ತದೆ, ಹೇಗೆ ಪಾಲು ಮಾಡೋದು? ಸೊಪ್ಪು ಲೆಕ್ಕಕ್ಕಿದೆ, ಆಲೂಗಡ್ಡೆ ಲೆಕ್ಕಕ್ಕಿಲ್ಲ. ಹಣ್ಣು ಅಂದರೆ ಹೆಚ್ಚಿನ ಮನೆಗಳಲ್ಲಿ ಬಾಳೆಹಣ್ಣು, ಅದೂ ಹಬ್ಬ ಕಳೆದ ಮಾರನೆ ದಿನ. ಉಪ್ಪಿನ ಬಗ್ಗೆ ಕೇಳುವಾಗ ನನಗೇ ನಾಚಿಕೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕಂತೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ನಮ್ಮನೆ ಉಪ್ಪೆಸರಿನ ಹೆಸರಲ್ಲೇ ಉಪ್ಪಿದೆ.

ಈಗ ನನ್ನ ತಪ್ಪಿನ ವಿಷಯ. ಸೊಂಟ ಅಳೆಯುವಾಗ ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಡುವೆ ಟೇಪು ಸುತ್ತಬೇಕು. ಉಸಿರು ಮೆಲ್ಲಗೆ ಹೊರಗೆ ಬಿಟ್ಟ ಕ್ಷಣಕ್ಕೆ ಓದಬೇಕು. ಬಾಗಿಲು ಮುಚ್ಚಿದ ಅರೆಗತ್ತಲ ರೂಮು, ಸೀರೆಯ ನೆರಿಗೆ, ಹೊಟ್ಟೆ ಒಳಗೆಳೆದುಕೊಳ್ಳುವ ಅಕ್ಕಂದಿರು, ಹೊರಗೆ ಗಲಾಟೆ ಮಾಡುವ ಮಕ್ಕಳು. ನಾನು ಹತ್ತಿರದ ಅಂಕಿ ಬರೆದುಬಿಡುತ್ತಿದ್ದೆ. ಮೂರನೇ ವಾರ ಸೂಪರ್‌ವೈಸರ್ ಮೇಡಂ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ನನ್ನ ಪಟ್ಟಿಯಲ್ಲಿ 80, 85, 90, 75, 95.

"ನಿನಗೆ ಸಿಕ್ಕಿದವರ ಸೊಂಟ ಎಲ್ಲಾ ಸೊನ್ನೆ ಇಲ್ಲಾ ಐದಕ್ಕೇ ಯಾಕಮ್ಮ ಮುಗಿಯುತ್ತೆ?"

ನಾನು ತಲೆ ಎತ್ತಲಿಲ್ಲ. ಅವರು ಬೈಯಲೂ ಇಲ್ಲ, ಅದೇ ಜಾಸ್ತಿ ನೋವಾಯಿತು. ಹೆಂಗಸರಿಗೆ 80 ಸೆಂಟಿಮೀಟರು ಗಡಿ, ದಾಟಿದರೆ ಕಾಯಿಲೆಯ ಅಪಾಯ ಜಾಸ್ತಿ ಅಂತ ಲೆಕ್ಕ. 82 ಇದ್ದವರನ್ನು 80 ಅಂತ ಬರೆದರೆ ಅವರು ಗಡಿಯ ಈಚೆ ಬಂದುಬಿಡುತ್ತಾರೆ. ಮಾರನೇ ದಿನ ಅವರೇ ನನ್ನ ಜೊತೆ ಹೊರಟರು. ನಾನು ಅಳೆದ ನಾಲ್ಕು ಮನೆಗೆ ಮತ್ತೆ ಹೋಗಿ, ಕ್ಷಮೆ ಕೇಳಿ, ಮತ್ತೆ ಟೇಪು ಸುತ್ತಿದೆವು. ಒಬ್ಬ ಅಕ್ಕ "ಒಂದು ವಾರಕ್ಕೆ ದಪ್ಪ ಆದ್ನಾ ನೋಡಕ್ಕೆ ಬಂದ್ರಾ?" ಅಂತ ಕೇಳಿದರು.

ವಾಪಸ್ ಬರುವಾಗ ಮೇಡಂ ಒಂದು ಕಥೆ ಹೇಳಿದರು. ನಮ್ಮ ಮೈಸೂರಿನದ್ದೇ. ನಾವು ಮಿಷನ್ ಆಸ್ಪತ್ರೆ ಅನ್ನೋ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ರಿಜಿಸ್ಟರ್ ಹಾಗೇ ಉಳಿದಿತ್ತು. ಹತ್ತಿರ ಅರವತ್ತು ವರ್ಷ ಆದ ಮೇಲೆ, 1990ರ ದಶಕದಲ್ಲಿ, ಸಂಶೋಧಕರು ಅದನ್ನು ಹಿಡಿದು, 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಮೈಸೂರಲ್ಲೇ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಅದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. "ಆ ಕಾಲದ ನರ್ಸು ಬೇಜಾರಾಗಿ ಸುಮ್ನೆ ಒಂದು ಅಂಕಿ ಗೀಚಿದ್ದಿದ್ರೆ?" ಅಂದು ಮೇಡಂ ಕಿಟಕಿ ಕಡೆ ತಿರುಗಿದರು. ಅವತ್ತಿಂದ ನನ್ನ ಪಟ್ಟಿಯಲ್ಲಿ 83.4, 91.7 ಕಾಣಿಸಿಕೊಂಡವು.

ರಕ್ತದ ದಿನದ ಗೋಳು ಬೇರೆ. ರಾತ್ರಿ ಊಟ ಆದ ಮೇಲೆ ನೀರು ಬಿಟ್ಟು ಏನೂ ಬೇಡ, ಬೆಳಗ್ಗೆ ನಾವೇ ಬರ್ತೀವಿ ಅಂತ ಹೇಳಿ ಬರುತ್ತಿದ್ದೆವು. ಆರೂವರೆಗೆ ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿ ಕೂತರೆ ಒಬ್ಬೊಬ್ಬರೇ ಶಾಲು ಹೊದ್ದು ಬರೋರು.

"ಏನೂ ತಿಂದಿಲ್ಲ ತಾನೆ?"

"ಏನೂ ಇಲ್ಲ."

"ಕುಡಿದಿಲ್ವಾ?"

"ಬರೀ ಕಾಫಿ."

ಬೆಲ್ಲದ ಕಾಫಿ, ಅದೂ ದೊಡ್ಡ ಲೋಟ. ಅವರಿಗೆ ನಾಳೆ ಮತ್ತೆ ಬರಬೇಕು ಅಂತ ಹೇಳುವುದು ನನ್ನ ಪಾಲಿಗೆ. ಆಮೇಲೆ ನಾವು ಮಾತನ್ನೇ ಬದಲಿಸಿದೆವು. "ಉಪವಾಸ" ಅನ್ನುವುದು ಬಿಟ್ಟು "ಕಾಫಿ ಟೀ ಕೂಡ ಬಾಯಿಗೆ ಇಡಬೇಡಿ" ಅಂತ ಶುರು ಮಾಡಿದ ಮೇಲೆ ವಾಪಸ್ ಕಳಿಸುವುದು ಕಡಿಮೆಯಾಯಿತು. ನಮ್ಮಲ್ಲಿ ಉಪವಾಸದಲ್ಲಿ ಕಾಫಿಗೆ ಯಾವತ್ತೂ ಅಡ್ಡಿ ಇಲ್ಲವಲ್ಲ.

ಜನರ ದೊಡ್ಡ ತಕರಾರು ಒಂದಿತ್ತು, ಅದು ನ್ಯಾಯವಾದದ್ದೇ. "ನೋಡ್ಕೊಂಡು ಹೋಗ್ತೀರಿ, ಮಾತ್ರೆ ಕೊಡಲ್ವಾ?" ಕೊಡಲ್ಲ. ಅಂಕಿ ಜಾಸ್ತಿ ಬಂದರೆ ಒಂದು ಚೀಟಿ ಬರೆದು ಆರೋಗ್ಯ ಕೇಂದ್ರಕ್ಕೆ ಹೋಗಿ ಅನ್ನುತ್ತೇವೆ, ಅಷ್ಟೆ. ಮೂವತ್ತು ದಾಟಿದವರನ್ನೆಲ್ಲ ತಪಾಸಣೆ ಮಾಡಿ ಚಿಕಿತ್ಸೆಗೆ ಸೇರಿಸುವುದು ಸರ್ಕಾರದ ಬೇರೆ ಕಾರ್ಯಕ್ರಮ. ಅದು ರೋಗಿಯನ್ನು ಹುಡುಕುತ್ತದೆ. ನಾವು ಎಷ್ಟು ಜನ ಅಂತ ಹುಡುಕುತ್ತೇವೆ. ಈ ವ್ಯತ್ಯಾಸ ಬಾಗಿಲಲ್ಲಿ ನಿಂತು ಹೇಳಿದರೆ ಯಾರಿಗೂ ಹಿಡಿಸಲ್ಲ. ನನಗೂ ಪೂರ್ತಿ ಹಿಡಿಸಿರಲಿಲ್ಲ.

ಮುಂದಿನ ವರ್ಷ, 2023ರಲ್ಲಿ, ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದ ಅಧ್ಯಯನವೊಂದರ ಸುದ್ದಿ ಬಂತು. ಅಪ್ಪ ಪೇಪರ್ ಮಡಚಿ, "ಯಾರೇ ಎಣಿಸಿದ್ದು? ನಮ್ಮನೆಗಂತೂ ಬಂದಿಲ್ಲ" ಅಂದರು. ಆ ಅಧ್ಯಯನದವರು 2008ರಿಂದ 2020ರವರೆಗೆ ರಾಜ್ಯ ರಾಜ್ಯ ಸುತ್ತಿ ನೋಡಿದ್ದು 1,13,043 ಜನರನ್ನು. ಅಷ್ಟರಿಂದಲೇ ಇಡೀ ದೇಶದ ಲೆಕ್ಕ. ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಯ ಎಲ್ಲಾ ಅಗುಳು ಹಿಚುಕ್ತೀರಾ ಅಪ್ಪಾ ಅಂದೆ. "ಮೇಲಿನ ಅಗುಳು ಮಾತ್ರ ನೋಡಿದ್ರೆ?" ಅಂದರು ಅಪ್ಪ. ಅದಕ್ಕೇ ಟ್ಯಾಬು, ಅದಕ್ಕೇ ಮೂರು ಸಲ ಅಲೆಯೋದು ಅಂತ ಹೇಳಿದೆ. ಅಪ್ಪ ಅರ್ಧ ಒಪ್ಪಿದರು.

ಮದ್ದೂರಿನ ಅಜ್ಜಿಯ ಮಗನ ಕಡೆ ಬರೋಣ. ಎರಡನೇ ಸಲ ಹೋಗಿದ್ದು ರಾತ್ರಿ ಎಂಟಕ್ಕೆ. ಸಿಕ್ಕಿದ. ಆದರೆ ಎಣ್ಣೆ ಹಾಕಿದ್ದ. "ಕೇಳಿ ಮೇಡಂ, ಏನು ಬೇಕಾದ್ರೂ ಕೇಳಿ" ಅಂತ ಬಹಳ ಉತ್ಸಾಹದಲ್ಲಿದ್ದ. ಕುಡಿದವರನ್ನು ಕೇಳುವ ಹಾಗಿಲ್ಲ, ವಾಪಸ್ ಬಂದೆವು. ಉಳಿದದ್ದು ಒಂದೇ ಸಲ. ಅವನ ಹೆಂಡತಿಗೆ ಫೋನ್ ನಂಬರ್ ಕೊಟ್ಟು ಬಂದಿದ್ದೆ. ನಾಲ್ಕು ದಿನ ಕಳೆದು ಭಾನುವಾರ ಬೆಳಗ್ಗೆ ಫೋನ್ ಬಂತು. "ಅಕ್ಕ, ಇವತ್ತು ಮನೇಲಿ ಅವ್ರೆ. ಬೇಗ ಬನ್ನಿ."

ಸ್ಕೂಟಿ ಹತ್ತಿ ಹೋದೆವು. ಪ್ರಶ್ನೆ ಮುಗಿಯಲು ಮುಕ್ಕಾಲು ಗಂಟೆ. ಬೀಡಿ ದಿನಕ್ಕೆ ಒಂದು ಕಟ್ಟು. ಬಿಪಿ ಯಾವತ್ತಾದರೂ ನೋಡಿಸಿದ್ದೀರಾ ಅಂದರೆ "ನಂಗ್ಯಾಕೆ?" ವಯಸ್ಸು 41. ಬಿಪಿ ನೋಡುವ ಮೊದಲು ಹದಿನೈದು ನಿಮಿಷ ಸುಮ್ನೆ ಕೂರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಬೀಡಿ, ಕಾಫಿ, ಫೋನ್ ಯಾವುದೂ ಇಲ್ಲ. ಕಬ್ಬಿನ ಲೋಡು ಎತ್ತುವವನಿಗೆ ಅದೇ ಎಲ್ಲಕ್ಕಿಂತ ಭಾರದ ಕೆಲಸ ಆಯಿತು. ಎರಡು ಸಲ ಎದ್ದ, ಎರಡು ಸಲ ಅಜ್ಜಿ ಗದರಿ ಕೂರಿಸಿದರು.

ಮೊದಲ ಸಲ 162, 104. ಮೂರು ನಿಮಿಷ ಬಿಟ್ಟು 158, 102. ಮತ್ತೆ ಮೂರು ನಿಮಿಷ, 156, 100. ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ತೆಗೆಯುತ್ತಾರೆ. ಮೊದಲನೆಯದರಲ್ಲಿ ಗಾಬರಿಯೂ ಸೇರಿರುತ್ತದೆ. ಹೇಗೆ ತೆಗೆದರೂ, ಬಿಪಿ ಜಾಸ್ತಿ ಅನ್ನುವ 140, 90ರ ಗೆರೆ ಬಹಳ ಕೆಳಗಿತ್ತು.

"ನಂಗೆ ತಲೆನೋವೇ ಇಲ್ವಲ್ಲ ಮೇಡಂ" ಅಂದ. ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ ಅಣ್ಣ, ಒಂದು ದಿನದ ಅಳತೆಯಲ್ಲಿ ಕಾಯಿಲೆ ಅಂತ ಹೇಳೋಕೂ ಆಗಲ್ಲ, ಆರೋಗ್ಯ ಕೇಂದ್ರಕ್ಕೆ ಹೋಗಿ ಮತ್ತೆ ನೋಡಿಸಿ ಅಂತ ಚೀಟಿ ಬರೆದೆ. ಅವನ ಹೆಂಡತಿ ಒಳಗೆ ಹೋಗಿ ಅಜ್ಜಿಯ ಮಾತ್ರೆ ಡಬ್ಬಿ ಹಿಡಿದು ಬಂದಳು. "ಇದ್ರಲ್ಲೇ ಒಂದು ಕೊಡ್ಲಾ ಅಕ್ಕ?" ಬೇಡವೇ ಬೇಡ ಅಂದೆ. ಅಜ್ಜಿ ಸೊಸೆಯ ಕೈಯಿಂದ ಡಬ್ಬಿ ಕಿತ್ತುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ನಾನು ಮಿಷನ್ ಚೀಲಕ್ಕೆ ಹಾಕುವಾಗ ತೋಳು ಮತ್ತೆ ಮುಂದೆ ಬಂತು.

"ಈಗ್ಲಾದ್ರೂ ಕಟ್ಟವ್ವ."

ಕೆಲಸ ಮುಗಿದಿತ್ತು. ಕಟ್ಟಿದೆ. 134, 78. ಎಂಟು ವರ್ಷ ತಪ್ಪದೆ ಮಾತ್ರೆ ನುಂಗಿದ ಅಂಕಿ. ಹೇಳಿದ ಕೂಡಲೇ ಅಜ್ಜಿ ಮಗನ ಕಡೆ ಒಂದು ನೋಟ ಬಿಟ್ಟರು.

"ಬರ್ಕೊಂಡ್ಯಾ?"

"ಇಲ್ಲಜ್ಜಿ. ನಿಮ್ಮದು ಬರೆಯೋಕೆ ಇದರಲ್ಲಿ ಜಾಗ ಇಲ್ಲ."

"ಓಗ್ಲಿ ಬುಡು. ಅವುಂದಾದ್ರೂ ಸರ್ಯಾಗ್ ಬರ್ಕೊಂಡು ಓಗು."